ಕಿತ್ತಳೆ ಬಣ್ಣದ ಜೋಡಿ

ಶಾಲೆಯ ವಾರ್ಷಿಕ ಡಾನ್ಸಾದ ಪ್ರಾಮ್ ದಿನ ಬೆಳಿಗ್ಗೆ ಡಾರಿಲ್ ಸ್ಟೆಕ್ ಟ್ವೈಲಾ ಕುಚೆರಾಳ ಮನೆಯ ಹಂದಿಗೂಡಿನ ಬೇಲಿಯಾಚೆಯೇ ನಿಂತು ಮೂಗು ಮುಚ್ಚಿಕೊಂಡ. "ಟ್ವೈಲಾ, ಬೇಜಾರು ಮಾಡ್ಕೋಬೇಡ ಕಣೆ. ರಾತ್ರಿ ಡಾನ್ಸಿಗೆ ಬ್ರೆಂಡಾ ನನ್ ಜೊತೆ ಬರ್ತಾಳಂತೆ. ನಿನ್ ಮೈಯೆಲ್ಲ ಹಂದಿ ವಾಸನೆ ಅಂತ ಹುಡುಗ್ರು ಆಡ್ಕೊಳ್ತಿದಾರೆ."

ಈ ಮಹಾರಾಯ ಚಳಿಗಾಲವಿಡೀ ಅದೇ ಬೇಲಿಯ ಮೇಲೆ ಕೂತು ಅವಳ ಅಜ್ಜಿ ಮಾಡಿದ ಸೇಬಿನ ಪೈ ಬಾರಿಸಿದ್ದ. ಬಿಸ್ಕತ್ತು ಎಂಬ ಅವಳ ಮುದ್ದಿನ ಹೆಣ್ಣುಹಂದಿಗೆ ಜೇಬಿನಿಂದ ಮಿಠಾಯಿ ತೆಗೆದು ತಿನ್ನಿಸಿದ್ದ. ಆಗ ಮೂಗು ಯಾರಿಗೆ ಸಾಲ ಕೊಟ್ಟಿದ್ದನೋ!

ಟ್ವೈಲಾ ಗೊಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಹೊಟ್ಟೆಯೊಳಗೆ ಬೆಂಕಿ ಹತ್ತಿಕೊಂಡಿತು. ನೆಬ್ರಾಸ್ಕಾದ ಆ ಪುಟ್ಟ ಊರಿನಲ್ಲಿ ಹುಡುಗಿಯ ಗೌನಿನ ಬಣ್ಣದ್ದೇ ವೇಸ್ಟ್‌ಕೋಟು ಹುಡುಗ ತೊಡಬೇಕು. ಅವಳ ಗೌನು ಕಿತ್ತಳೆ ಬಣ್ಣದ್ದು, ಹಾಗಾಗಿ ಡಾರಿಲ್ ಬಾಡಿಗೆಗೆ ತಂದದ್ದೂ ಕಿತ್ತಳೆ. ಬದಲಾಯಿಸಲು ಈಗ ಹೊತ್ತಿರಲಿಲ್ಲ.

"ಅಜ್ಜಿ, ಕತ್ತರಿ ಎಲ್ಲಿ? ಗೌನು ಬಿಸ್ಕತ್ತಿನ ಅಳತೆಗೆ ಸರಿಮಾಡ್ಬೇಕು."

"ಅಯ್ಯೋ, ಕಣ್ಣು ನೋಯಿಸ್ಕೊಂಡು ಹೊಲಿದಿದೀನಲ್ಲೇ!" ಅಜ್ಜಿ ಮೊಮ್ಮಗಳ ಊದಿದ ಕಣ್ಣು ನೋಡಿದಳು. ಸೂಜಿಗೆ ದಾರ ಪೋಣಿಸಿದಳು. "ಸೊಂಟ ಸ್ವಲ್ಪ ಸಡಿಲ ಬಿಡೋಣ."

ಸಂಜೆ ಡಾನ್ಸಿಗೆ ಮೊದಲು ಜೋಡಿಗಳ ಮೆರವಣಿಗೆ. ಅದನ್ನು ನೋಡಲು ಶಾಲೆಯ ಆಟದ ಹಾಲ್‌ನಲ್ಲಿ ಊರಿಗೆ ಊರೇ ನೆರೆದಿತ್ತು. ಮೈಕು ಹಿಡಿದವನು ಕ್ಷೌರದ ಆರ್ವಿಲ್. ಕಣ್ಣು ಮಂಜು, ಆದರೆ ಕನ್ನಡಕ ಹಾಕಿದರೆ ಮರ್ಯಾದೆ ಹೋಗುತ್ತದೆಂಬ ಹಟ. ಹುಡುಗರನ್ನು ತಲೆಕೂದಲಿನಿಂದಲೂ ಅವರ ಜೋಡಿಯನ್ನು ಬಟ್ಟೆಯ ಬಣ್ಣದಿಂದಲೂ ಗುರುತು ಹಿಡಿದು ಹೆಸರು ಕೂಗುತ್ತಿದ್ದ.

ಗುಲಾಬಿ ಗೌನಿನ ಬ್ರೆಂಡಾಳ ಕೈಹಿಡಿದು ಡಾರಿಲ್ ಒಳಗೆ ಬಂದ. ಟ್ವೈಲಾ ಪಕ್ಕದ ಬಾಗಿಲು ತೆರೆದು ಹಗ್ಗ ಬಿಟ್ಟಳು.

ಬಿಸ್ಕತ್ತಿಗೆ ಡಾರಿಲ್ ಎಂದರೆ ಮಿಠಾಯಿ. ಕಿತ್ತಳೆ ರೇಷ್ಮೆ ಹಾರಿಸುತ್ತ ನುಗ್ಗಿದಳು. ಬ್ರೆಂಡಾ ಕಿಟಾರನೆ ಕಿರುಚಿ ಬೆಂಚು ಹತ್ತಿದಳು. ಕಿತ್ತಳೆಯ ಪಕ್ಕ ಕಿತ್ತಳೆ ನಿಂತದ್ದನ್ನು ಕಂಡ ಆರ್ವಿಲ್ ಗಂಟಲು ಸರಿಮಾಡಿಕೊಂಡ.

"ಡಾರಿಲ್ ಸ್ಟೆಕ್! ಮತ್ತವನ ಜೊತೆಗಾತಿ, ಕುಚೆರಾ ಮನೆಯ ಚೆಲುವೆ! ಆಹಾ, ಏನ್ ಮೈಕಟ್ಟು!"

ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಚೆಲುವೆ ಜೇಬಿಗೆ ಮೂತಿ ಹಾಕಿದ್ದೇ ತಡ, ಡಾರಿಲ್ ಅಂಗಾತ ಬಿದ್ದ. ಬಾಡಿಗೆ ಪ್ಯಾಂಟು ಪರ್ರನೆ ಹರಿಯಿತು. ಫೋಟೋದವನು ಬಿಡಲಿಲ್ಲ, ತೆಗೆದೇ ತೆಗೆದ.

"ಯಾರದ್ದು ಈ ಹಂದಿ?" ಪ್ರಿನ್ಸಿಪಾಲರು ಗುಡುಗಿದರು.

ಟ್ವೈಲಾ ತಲೆಯೆತ್ತಿಯೇ ಮುಂದೆ ಬಂದಳು. "ನಂದು ಸರ್."

"ನಿನಗೆ ಡಾನ್ಸ್ ಇಲ್ಲ. ನಡಿ ಮನೆಗೆ!"

ಒಳಗೆ ಚುರುಕ್ಕೆಂದಿತು. ವರ್ಷವಿಡೀ ಕನ್ನಡಿಯ ಮುಂದೆ ಆ ಡಾನ್ಸಿಗೇ ಹೆಜ್ಜೆ ಹಾಕಿದ್ದಳು.

"ಪ್ಲೀಸ್ ಕಣೆ ಟ್ವೈಲಾ, ಇದನ್ನ ಎಳ್ಕೊಂಡ್ ಹೋಗೇ!" ನೆಲದಿಂದ ಡಾರಿಲ್ ಅಂಗಲಾಚಿದ.

ಟ್ವೈಲಾ ಒಂದು ಕೈಯಲ್ಲಿ ಹಗ್ಗ ಹಿಡಿದಳು, ಇನ್ನೊಂದರಲ್ಲಿ ಮೂಗು ಮುಚ್ಚಿಕೊಂಡಳು.

"ಬಾಮ್ಮ ಬಿಸ್ಕತ್ತು, ಏಳು. ಅವನ ಮೈ ವಾಸನೆ ನಿಂಗಂಟಿಕೊಂಡ್ರೆ ಕಷ್ಟ."