ನೀದಿಯಾಳ ಹಿಂಬದಿಯ ಕೋಣೆ

ಆ ಪಾಯಸವನ್ನು ಒಂದೇ ಮನೆಗೆಂದು ಮಾಡುವ ಅಳತೆ ಬೆಲ್ಕಿಸ್‌ಗೆ ಗೊತ್ತಿರಲಿಲ್ಲ. ಅವಳ ಅಮ್ಮನಿಗೂ ಗೊತ್ತಿರಲಿಲ್ಲ. ಸಾಂತೊ ದೊಮಿಂಗೊ ನಗರದ ಹಳೇ ಪೇಟೆಯಲ್ಲಿ, ಅವರಿದ್ದ ಬೀದಿಯಲ್ಲಿ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಒಂದೊಂದು ಶುಕ್ರವಾರ ಒಂದೊಂದು ಮನೆಯ ದೊಡ್ಡ ಪಾತ್ರೆ ಒಲೆಗೇರುತ್ತಿತ್ತು. ಕೆಂಪು ಕಾಳು ಬೇಯಿಸಿ, ಅರೆದು, ಸೋಸಿ, ತೆಂಗಿನಹಾಲು ಹಾಕಿ ಕುದಿಸುವುದು. ಅದಕ್ಕೆ ಸಿಹಿಗೆಣಸಿನ ಹೋಳು, ಚಕ್ಕೆ, ಲವಂಗ, ಒಣದ್ರಾಕ್ಷಿ. ತಣ್ಣಗಾದ ಮೇಲೆ ಶಿಲುಬೆಯ ಗುರುತಿನ ಪುಟ್ಟ ಬಿಸ್ಕತ್ತು ತೇಲಿಬಿಟ್ಟು ಬಟ್ಟಲು ಬಟ್ಟಲಾಗಿ ಬೀದಿಯ ಮನೆಗಳಿಗೆಲ್ಲ ಕಳಿಸುವುದು. ಮನೆಯವರಿಗೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮುಂದಿನ ಶುಕ್ರವಾರ ಪಕ್ಕದ ಮನೆಯಿಂದ ಬರುತ್ತದಲ್ಲ!

ಈಗ ಅವಳಿರುವುದು ಒಸಾಮಾ ನದಿಯ ಆಚೆ ದಡದಲ್ಲಿ, ಹೊಸ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ. ಹಳೇ ಪೇಟೆಯ ಬಾಡಿಗೆ ಮನೆಯನ್ನು ಮಾಲೀಕನ ಮಕ್ಕಳು ಹೋಟೆಲಿನವರಿಗೆ ಮಾರಿದಾಗ ಸಿಕ್ಕಿದ ಮನೆ ಅದು. ಗಾಳಿ ಬೆಳಕು ಚೆನ್ನಾಗಿದೆ, ನೀರು ಬರುತ್ತದೆ, ಕೆಡುಕು ಹೇಳುವಂತಿಲ್ಲ. ಆದರೆ ಅಲ್ಲಿನ ಪ್ರತಿ ಬಾಗಿಲ ಮುಂದೂ ಕಬ್ಬಿಣದ ಗೇಟು, ಪ್ರತಿ ಗೇಟಿಗೂ ಬೀಗ. ಎರಡು ತಪಸ್ಸುಕಾಲ ಕಳೆದರೂ ಅವಳ ಗೇಟನ್ನು ಯಾರೂ ಬಟ್ಟಲು ಹಿಡಿದು ತಟ್ಟಿರಲಿಲ್ಲ. ಗಂಡ ಬಹಳ ಹಿಂದೆಯೇ ಬೇರೆ ಸಂಸಾರ ಕಟ್ಟಿಕೊಂಡಿದ್ದ. ಮಗಳು ಆರೆಲಿಸ್ ದೂರದ ಸಾಂತಿಯಾಗೊ ಪಟ್ಟಣದಲ್ಲಿ ಶಾಲೆ, ಮಕ್ಕಳು ಎಂದು ತನ್ನ ಪಾಡಿಗೆ ತಾನಿದ್ದಳು. ಬೆಲ್ಕಿಸ್ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತ, ಮಿಷನ್ನಿನ ಸದ್ದಿನೊಡನೆ ದಿನ ಕಳೆಯುತ್ತಿದ್ದಳು. ಕೆಲವು ದಿನ ಸಂಜೆ ಫೋನ್ ಬಂದಾಗ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಬೆಳಗಿನಿಂದ ಅದಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಈ ವರ್ಷ ಅವಳು ಒಂದು ನಿರ್ಧಾರಕ್ಕೆ ಬಂದಿದ್ದಳು. ತಪಸ್ಸುಕಾಲದ ಕೊನೆಗೆ ಬರುವ ಗರಿಗಳ ಭಾನುವಾರದ ಹಿಂದಿನ ಶುಕ್ರವಾರ ಯಾವಾಗಲೂ ಅವಳದೇ ಸರದಿ. ಅಂದು ಮೊದಲಿನಂತೆಯೇ ಬೀದಿಗಾಗುವಷ್ಟು ಪಾಯಸ ಮಾಡಿ ಹಳೇ ಪೇಟೆಗೆ ಹೋಗುವುದು. ಮೊದಲ ಬಟ್ಟಲು ಹಳೇ ಗೆಳತಿ ನೀದಿಯಾಳ ಕೈಗೆ. ಅವಳು ತಿನ್ನುತ್ತಿರುವಾಗ ಕೇಳಿಬಿಡುವುದು: "ಕೊಮಾದ್ರೆ, ನಿನ್ನ ಹಿಂಬದಿ ಕೋಣೆ ಖಾಲಿ ಬಿದ್ದಿದ್ಯಲ್ಲ, ನಂಗೆ ಬಾಡಿಗೆಗೆ ಕೊಡ್ತೀಯಾ?"

ಕೊಮಾದ್ರೆ ಎಂದರೆ ಚರ್ಚಿನಲ್ಲಿ ಮಗುವಿಗೆ ಹೆಸರಿಡುವ ಜ್ಞಾನಸ್ನಾನದಲ್ಲಿ ತಾಯಿಯ ಪಕ್ಕ ನಿಂತು ಜ್ಞಾನತಾಯಿಯಾದವಳು. ಆರೆಲಿಸ್‌ಳನ್ನು ಎತ್ತಿಕೊಂಡು ನೀದಿಯಾ ನಿಂತ ದಿನದಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದಿರಲಿಲ್ಲ, ಜಗಳವಾದಾಗ ಬಿಟ್ಟು. ಆ ಬೀದಿಯಲ್ಲಿ ಸ್ವಂತ ಮನೆ ಇದ್ದವಳು ನೀದಿಯಾ ಒಬ್ಬಳೇ. ಹಾಗಾಗಿ ಅವಳೊಬ್ಬಳೇ ಉಳಿದಿದ್ದಳು.

ಟವೆಲಿನಲ್ಲಿ ಸುತ್ತಿದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಕಂಡಕ್ಟರ್ ಬಗ್ಗಿ ನೋಡಿದ.

"ಏನಮ್ಮ, ಮಗು ಗುಂಡುಗುಂಡಾಗಿದೆ!"

"ಮಗುವಲ್ಲ ಕಣಪ್ಪ, ಕಾಳಿನ ಪಾಯಸ."

"ಹಂಗಾದ್ರೆ ಅದಕ್ಕೆ ಟಿಕೆಟ್ ಬೇಡ. ನಂಗೊಂದು ಲೋಟ ಕೊಟ್ಬಿಡಿ, ಸಾಕು."

"ಮುಚ್ಚಿಟ್ಕೊಳ್ಳಿ ತಾಯಿ," ಎಂದು ಹಿಂದಿನ ಸೀಟಿನ ಮುದುಕ ಕೂಗಿದ. "ಇವನಿಗೆ ಕೊಟ್ರೆ ಡ್ರೈವರ್‌ಗೂ ಬೇಕಾಗತ್ತೆ. ಡ್ರೈವರ್ ತಿಂದ್ರೆ ಬಸ್ಸು ನಿಲ್ಲತ್ತೆ. ಬಸ್ಸು ನಿಂತ್ರೆ ನಾವೆಲ್ಲ ತಿಂತೀವಿ!"

ಬಸ್ಸೆಲ್ಲ ನಕ್ಕಿತು. ಬೆಲ್ಕಿಸ್ ಕೂಡ ನಕ್ಕಳು. ಸೇತುವೆ ದಾಟುವಾಗ ಕೆಳಗೆ ಕಂದು ಬಣ್ಣದ ನದಿ ಮೆಲ್ಲಗೆ ಸಮುದ್ರದ ಕಡೆ ಸರಿಯುತ್ತಿತ್ತು. ಅವಳು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು: ಕೊಮಾದ್ರೆ, ನಿನ್ನ ಹಿಂಬದಿ ಕೋಣೆ.

ಬೀದಿಯ ಗೋಡೆಗಳಿಗೆಲ್ಲ ಹೊಸ ಬಣ್ಣ ಬಂದಿತ್ತು. ಹಳದಿ, ತಿಳಿನೀಲಿ, ಕಲ್ಲಂಗಡಿಯ ತಿರುಳಿನ ಬಣ್ಣ. ಚೆನ್ನಾಗಿಯೇ ಕಾಣುತ್ತಿತ್ತು. ಅವಳು ತಲೆ ಬಗ್ಗಿಸಿ ನಡೆದಳು, ತಾನಿದ್ದ ಮನೆಯ ಕಡೆ ನೋಡಬಾರದೆಂದು. ನೋಡಿದಳು. ಬಾಗಿಲ ಎರಡೂ ಕಡೆ ಕುಂಡದಲ್ಲಿ ಗಿಡ, ಮೇಲೆ ಗಾಜಿನ ದೀಪ, ಕೆಳಗೆ ಇಸ್ತ್ರಿ ಮಾಡಿದ ಅಂಗಿಯ ಕಾವಲುಗಾರ.

"ಒಳಗೆ ಬಂದು ನೋಡ್ಬಹುದು ಮೇಡಂ," ಎಂದ ಅವನು, ವಿನಯದಿಂದ. "ಒಳಗಡೆ ಅಂಗಳ ಇದೆ. ತುಂಬ ಹಳೇದು."

"ನೋಡಿದ್ದೀನಪ್ಪ."

"ಓ, ಮುಂಚೆ ಉಳ್ಕೊಂಡಿದ್ರಾ ನಮ್ಮಲ್ಲಿ?"

"ಹ್ಞೂಂ," ಎಂದಳು ಬೆಲ್ಕಿಸ್. "ಸ್ವಲ್ಪ ದಿನ."

ಆ ಅಂಗಳದಲ್ಲಿ ಅವಳು ಅಂಬೆಗಾಲಿಟ್ಟಿದ್ದಳು, ಆರೆಲಿಸ್ ಕೂಡ ಅಂಬೆಗಾಲಿಟ್ಟಿದ್ದಳು. ಅದನ್ನು ಅವನಿಗೆ ಹೇಳಿ ಏನಾಗಬೇಕು? ಅವನಿಗೂ ಪಾಪ ನಿಲ್ಲುವ ಕೆಲಸ. ಪಾತ್ರೆಯನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡು ಮುಂದೆ ನಡೆದಳು. ಚಮ್ಮಾರ ಎಲೀಹಿಯೊನ ಮನೆ, ಅವಳಿ ಅಕ್ಕತಂಗಿಯರ ಮನೆ, ದಾದಿಯ ಮನೆ, ಎಲ್ಲ ಬಾಗಿಲಿಗೂ ಅಂಕೆಗಳನ್ನು ಒತ್ತಿ ತೆಗೆಯುವ ಬೀಗ ಬಂದಿತ್ತು. ಬಾಗಿಲು ತಟ್ಟುವ ಹಿತ್ತಾಳೆಯ ಕೈಗಳು ಹಾಗೇ ಇದ್ದವು, ತಿಕ್ಕಿ ಹೊಳೆಯುವಂತೆ ಮಾಡಿದ್ದರು. ಹೊಸಬರಾದರೂ ಇರಬಹುದೆಂದು ಎರಡು ಕಡೆ ತಟ್ಟಿ ಕಾದಳು. ಯಾರೂ ಬರಲಿಲ್ಲ. ಶುಕ್ರವಾರದ ಮಧ್ಯಾಹ್ನ ಬೀದಿಯಲ್ಲಿ ಲವಂಗದ ವಾಸನೆ ಬರುತ್ತಿದ್ದುದು ಅವಳ ಪಾತ್ರೆಯಿಂದ ಮಾತ್ರ.

ನೀದಿಯಾಳ ಬಾಗಿಲಿಗೆ ಹಳೇ ಹಸಿರು ಬಣ್ಣವೇ ಇತ್ತು. ತಟ್ಟಿದ ತಕ್ಷಣ ತೆರೆಯಿತು.

"ವೆಲ್‌ಕಮ್, ವೆಲ್‌ಕಮ್!" ಎಂದು ಹಾಡಿದ ನೀದಿಯಾಳ ಬಾಯಿ ಹಾಗೇ ತೆರೆದುಕೊಂಡು ನಿಂತಿತು. ತಲೆತುಂಬ ಕೂದಲು ಸುರುಳಿ ಮಾಡುವ ಕೊಳವೆ, ಮೇಲೊಂದು ಬಲೆ. ಅಗಲವಾದ ಮೈ ಸ್ವಲ್ಪ ಇಳಿದಿತ್ತು. "ಅಯ್ಯೋ ನೀನಾ! ಥೂ, ನಾನು ಗಿರಾಕಿ ಅಂದ್ಕೊಂಡು ಒಳ್ಳೇ ನಗು ದಂಡ ಮಾಡ್ದೆ."

"ವಾಪಸ್ ತಗೋ ಬೇಕಾದ್ರೆ."

"ನದಿ ದಾಟಿದವಳು ಸತ್ತೇಹೋದ್ಲು ಅಂತ ನಾನು ಮೇಣದಬತ್ತಿ ಹಚ್ಚಿದ್ದೆ ಕಣೆ!"

"ಎಷ್ಟು ದೊಡ್ಡದು?"

"ಚಿಕ್ಕದು. ಫೋನೂ ಮಾಡದ ಜಿಪುಣಿಗೆ ಚಿಕ್ಕದು ಸಾಕು."

"ನೀನು ಎತ್ತಿದ್ರಲ್ವೇನೆ ಮಾಡೋದು?"

"ಎತ್ತಕ್ಕೆ ಬಿಡ್ತಾರಾ ಈ ಪ್ರವಾಸಿಗರು? ಟವೆಲ್ ಕೊಡಿ, ಬಿಸಿನೀರು ಬರ್ತಿಲ್ಲ, ಇಂಟರ್ನೆಟ್ ಇಲ್ಲ…" ನೀದಿಯಾ ಪಾತ್ರೆಯ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತು ತೆಗೆಯಲಿಲ್ಲ. "ಇವತ್ತು ನಿನ್ನ ಶುಕ್ರವಾರ ಅಲ್ವಾ," ಎಂದಳು, ದನಿ ತಗ್ಗಿಸಿ. "ನಂಗೆ ನೆನಪೇ ಹೋಗಿತ್ತು. ನಂದಂತೂ ಈ ಸಲ ಮಾಡೇ ಇಲ್ಲ. ಯಾರಿಗೇಂತ?"

ಅಡುಗೆಮನೆ ಹಾಗೇ ಇತ್ತು. ಬೆಲ್ಕಿಸ್ ತನಗೆ ಗೊತ್ತಿದ್ದ ಕಪಾಟಿನಿಂದ ಗೊತ್ತಿದ್ದ ಬಟ್ಟಲನ್ನೇ ತೆಗೆದಳು. ಮೊದಲ ಸೌಟು ಹುಯ್ದು, ಬಿಸ್ಕತ್ತು ಇಟ್ಟು, ಕೊಮಾದ್ರೆಯ ಮುಂದೆ ನೂಕಿದಳು. ಈಗ ಕೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು. ಬಿಸಿಲಿಗೆ ಮೂಗು ಕೆಂಪಾದ ಗಂಡ ಹೆಂಡತಿ, ನೀದಿಯಾಳ ಮನೆಯಲ್ಲಿ ಬಾಡಿಗೆಗೆ ಉಳಿದುಕೊಂಡ ಪ್ರವಾಸಿಗರು. ವಾಸನೆ ಹಿಡಿದು ಬಂದಿದ್ದರು.

"ಬನ್ನಿ, ಬನ್ನಿ!" ನೀದಿಯಾ ಎದ್ದೇಬಿಟ್ಟಳು. ಅದೇ ಹಾಡುವ ದನಿ ಮತ್ತೆ ಬಂದಿತ್ತು. ಅವರನ್ನು ಕೂರಿಸಿದಳು. ತನ್ನ ಮುಂದಿದ್ದ ಬಟ್ಟಲನ್ನು ಹೆಂಗಸಿನ ಕಡೆ ತಿರುಗಿಸಿಟ್ಟಳು. ಗಂಡನಿಗೆ ಇನ್ನೊಂದು ತುಂಬಿದಳು.

ಅವರು ಮೊದಲು ಬಟ್ಟಲಿನ ಚಿತ್ರ ತೆಗೆದರು. ಆಮೇಲೆ ತಿಂದರು. ಹೆಂಗಸು ಎದೆಯ ಮೇಲೆ ಕೈಯಿಟ್ಟು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಕಣ್ಣಲ್ಲಿ ಸುಳ್ಳಿರಲಿಲ್ಲ, ನಿಜವಾಗಿಯೂ ಇಷ್ಟವಾಗಿತ್ತು. ಹೋಗುವಾಗ ಗಂಡ ಮೇಜಿನ ಮೇಲೆ ನೋಟು ಇಟ್ಟ. ನೀದಿಯಾ ಅದನ್ನು ಮಡಿಸಿ ಬೆಲ್ಕಿಸ್‌ಳ ಕೈಗೆ ತುರುಕಲು ಹೋದಳು. ಬೆಲ್ಕಿಸ್ ಮಗುವಿನ ಹಾಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಹುಚ್ಚಿ, ತಗೊಳ್ಳೇ. ನಿನ್ನ ದುಡಿಮೆ."

"ಬೇಡ."

"ಮುಂದಿನ ವರ್ಷ ಶುಕ್ರವಾರ ಶುಕ್ರವಾರ ಮಾಡ್ಕೊಂಡು ಬಾ. ಇವರು ಪ್ರಾಣ ಬಿಡ್ತಾರೆ ಇದಕ್ಕೆ. ಅರ್ಧ ನಿಂಗೆ, ಅರ್ಧ ನಂಗೆ."

"ಮಾರೋಕೆ ಅಂತ ಮಾಡಿದ್ರೆ ನನ್ನ ಕೈಗೆ ಬರಲ್ಲ ಕೊಮಾದ್ರೆ." ಬೆಲ್ಕಿಸ್ ಸೌಟನ್ನು ಪಾತ್ರೆಗೆ ಒರಗಿಸಿದಳು. ಮಾಡಿಟ್ಟುಕೊಂಡಿದ್ದ ಮಾತು ಯಾವ ಮುನ್ನುಡಿಯೂ ಇಲ್ಲದೆ ಹೊರಬಿತ್ತು. "ನಿನ್ನ ಹಿಂಬದಿ ಕೋಣೆ ನಂಗೆ ಕೊಡ್ತೀಯಾ? ಬಾಡಿಗೆ ಕೊಡ್ತೀನಿ. ನಾನು ವಾಪಸ್ ಬರ್ಬೇಕು ಕಣೆ. ಅಲ್ಲಿ ನಂಗೆ ಆಗ್ತಿಲ್ಲ."

ನೀದಿಯಾ ಹೋಗಿ ಹಿಂಬದಿಯ ಕೋಣೆಯ ಬಾಗಿಲು ನೂಕಿ ಪಕ್ಕಕ್ಕೆ ಸರಿದು ನಿಂತಳು.

ಮೂರು ಮುಂಗೋಣೆಗಳ ಸಾಮಾನೆಲ್ಲ ಅಲ್ಲಿತ್ತು. ಒಂದರ ಮೇಲೊಂದು ಏರಿಸಿದ ತೂಗುಕುರ್ಚಿಗಳು, ತಿರುಗಿಸಿಟ್ಟ ಊಟದ ಮೇಜು, ಸಂತರ ಪಟಗಳು, ಪ್ರತಿಮೆಗಳು, ನೀದಿಯಾಳ ತೀರಿಹೋದ ಗಂಡನ ಟೊಪ್ಪಿಗೆಗಳ ಪೆಟ್ಟಿಗೆ. ಅವುಗಳ ನಡುವೆ ಒಂದು ಕಿರಿದಾದ ಮಂಚ. ದಿಂಬಿನ ಒಂದು ಮೂಲೆ ಮೇಜಿನ ಕಾಲಿಗೆ ಒತ್ತಿಕೊಂಡು ಕಪ್ಪಾಗಿತ್ತು. ಒಳಗೆ ಇಬ್ಬರು ನಿಲ್ಲುವ ಜಾಗವಿರಲಿಲ್ಲ, ಹಾಗಾಗಿ ಇಬ್ಬರೂ ಹೊಸ್ತಿಲಲ್ಲೇ ನಿಂತು ನೋಡಿದರು.

"ಮುಂದಿನ ಮೂರೂ ಅವರಿಗೆ," ಎಂದಳು ನೀದಿಯಾ. "ತೆರಿಗೆ ಕಟ್ಬೇಕು, ಸೂರು ಸೋರತ್ತೆ. ಅಡುಗೆಮನೆ ಮತ್ತೆ ಇದು, ಇಷ್ಟೇ ಈಗ ನಂದು. ಒಂದು ಮಗ್ಗುಲಿಗೇ ಮಲಗ್ತೀನಿ. ಇನ್ನೊಂದು ಮಗ್ಗುಲಿಗೆ ತಿರುಗಿದ್ರೆ ಸಂತ ಅಂತೋಣಿ ಮೂಗು ಚುಚ್ಚತ್ತೆ."

ಇಬ್ಬರೂ ನಗಲು ನೋಡಿದರು. ಬೆಲ್ಕಿಸ್‌ಳ ಎದೆಯಲ್ಲಿ ತಿಂಗಳುಗಳಿಂದ ಹಿಡಿದುಕೊಂಡಿದ್ದ ಏನೋ ಮೆಲ್ಲಗೆ ಕುಸಿಯಿತು. ಅದರ ಜೊತೆಗೇ, ತಾನು ಎಂದೂ ಯೋಚಿಸದ ಮಾತೊಂದು ಬಾಯಿಗೆ ಬಂತು.

"ಹಂಗಾದ್ರೆ ನೀನೇ ಬಾ. ನಂಗೆ ಎರಡು ಕೋಣೆ ಇದೆ. ಒಂದರಲ್ಲಿ ಬರೀ ಮಿಷನ್."

"ನಾಲ್ಕು ಮಹಡಿ! ನನ್ನ ಮೊಣಕಾಲು ನೋಡಿದ್ದೀಯಾ?"

"ನಿಂತು ನಿಂತು ಹತ್ತಿದ್ರಾಯ್ತು. ನಾನು ಕುರ್ಚಿ ಹಿಡ್ಕೊಂಡು ಹಿಂದೆ ಬರ್ತೀನಿ."

ನೀದಿಯಾ ಈ ಸಲ ತಮಾಷೆಗೆ ತಮಾಷೆ ಸೇರಿಸಲಿಲ್ಲ. ಬಾಗಿಲಿನ ಚಿಲಕವನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತ ನಿಂತಳು.

"ಇಲ್ಲಿ ರಾತ್ರಿ ದೀಪ ಆರಿಸೋ ಮನೆ ಇದೊಂದೇ ಕೊಮಾದ್ರೆ," ಎಂದಳು ಕೊನೆಗೆ. "ಮಿಕ್ಕಿದ್ದೆಲ್ಲ ಬೆಳಗಿನ ತನಕ ಉರೀತಿರ್ತವೆ. ನಾನೂ ಹೋದ್ರೆ ಇಲ್ಲಿ ಯಾರೂ ಮಲಗೋರೇ ಇರಲ್ಲ ಅನ್ಸತ್ತೆ. ಹುಚ್ಚು ಮಾತು, ಗೊತ್ತು. ಆದ್ರೂ ಆಗಲ್ಲ."

"ಯಾರ ಹತ್ರ ಮಾತಾಡ್ತೀಯೇ ದಿನಾ?"

"ಬಂದೋರಿಗೆ ವೆಲ್‌ಕಮ್ ಅಂತೀನಿ. ಹೊರಟೋರಿಗೆ ಬೈ ಬೈ ಅಂತೀನಿ. ಮಧ್ಯದಲ್ಲಿ ಹೇಳೋದು ಏನೂ ಇರಲ್ಲ."

ಬೆಲ್ಕಿಸ್ ಮತ್ತೆ ಕೇಳಲಿಲ್ಲ. ಕೇಳಿದರೆ ಅವಳನ್ನು ನೋಯಿಸಿದಂತಾಗುತ್ತಿತ್ತು. ಇಬ್ಬರೂ ಅಡುಗೆಮನೆಗೆ ಬಂದರು. ಬೆಲ್ಕಿಸ್ ಹೊಸದಾಗಿ ಒಂದು ಬಟ್ಟಲು ತುಂಬಿದಳು. ನೀದಿಯಾ ಒಲೆಗೆ ಒರಗಿಕೊಂಡು, ಒಂದು ಕಿವಿ ಮುಂಬಾಗಿಲ ಕಡೆಯೇ ಇಟ್ಟುಕೊಂಡು ತಿಂದಳು. ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದ ಮೇಲೆ, "ಲವಂಗ ಜಾಸ್ತಿ," ಎಂದಳು.

"ಕಡಿಮೆ ಹಾಕಿದ್ರೆ ಸಪ್ಪೆ ಅಂತಿದ್ದೆ."

"ಅಂತಿದ್ದೆ, ಹೌದು. ಇನ್ನೊಂದು ಸೌಟು ಹಾಕು."

ಮಿಕ್ಕ ಪಾಯಸವನ್ನು ನೀದಿಯಾ ಫ್ರಿಜ್ಜಿನಲ್ಲಿಟ್ಟಳು. ಅತಿಥಿಗಳಿಗೆ ಕೊಡುವುದಿಲ್ಲ, ನಾನೇ ತಿನ್ನುತ್ತೇನೆ ಎಂದು ಆಣೆ ಮಾಡಿದಳು. ಬೆಲ್ಕಿಸ್ ನಂಬಿದಂತೆ ತಲೆಯಾಡಿಸಿದಳು. ಕೊಟ್ಟರೂ ಬೈಯುವವಳಲ್ಲ ಅವಳು. ತಿನ್ನುವವರ ಬಾಯಿಗೆ ಬಿದ್ದರೆ ಸರಿ.

ಬಿಸಿಲು ಇಳಿಯುವ ಹೊತ್ತಿಗೆ ಹೊರಟಳು. ನೀದಿಯಾ ಕೂದಲಿನ ಕೊಳವೆಗಳನ್ನು ಕೂಡ ಬಿಚ್ಚದೆ, ಮೂಲೆಯ ತನಕ ಬರುತ್ತೇನೆಂದು ಚಪ್ಪಲಿ ಮೆಟ್ಟಿದಳು. ಇಬ್ಬರೂ ತೋಳಿಗೆ ತೋಳು ಕೊಟ್ಟುಕೊಂಡು ನಡೆದರು. ಕಲ್ಲುಹಾಸಿನ ಮೇಲೆ ನೀದಿಯಾಳ ಮೊಣಕಾಲಿಗೆ ಬೇಕಾದ ನಿಧಾನಕ್ಕೆ ಬೆಲ್ಕಿಸ್‌ಳ ಕಾಲು ತಾನಾಗಿಯೇ ಹೊಂದಿಕೊಂಡಿತು. ಮೂಲೆಯಲ್ಲಿ ಕೆನ್ನೆಗೆ ಕೆನ್ನೆ ತಾಗಿಸಿದರು.

"ಆರೆಲಿಸ್‌ಗೆ ಹೇಳು, ಜ್ಞಾನತಾಯಿ ಇನ್ನೂ ಬದುಕಿದ್ದಾಳೆ ಅಂತ."

"ಹೇಳ್ತೀನಿ. ಫೋನ್ ಎತ್ತು."

"ಎತ್ತುತ್ತೀನಿ ಕಣೆ, ಹೋಗು, ಬಸ್ ಹೋಗ್ಬಿಡತ್ತೆ."

ಸ್ವಲ್ಪ ದೂರ ಹೋಗಿ ಬೆಲ್ಕಿಸ್ ಹಿಂತಿರುಗಿ ನೋಡಿದಳು. ನೀದಿಯಾ ಅಲ್ಲೇ ಇದ್ದಳು. ಆದರೆ ಟೊಪ್ಪಿಗೆ ತೊಟ್ಟ ಇಬ್ಬರು ಹುಡುಗಿಯರು ಅವಳನ್ನು ನಿಲ್ಲಿಸಿಕೊಂಡು, ಚಿತ್ರ ತೆಗೆಯಲೆಂದು ತಮ್ಮ ಫೋನನ್ನು ಅವಳ ಕೈಗೆ ಕೊಟ್ಟು, ಹಳದಿ ಗೋಡೆಗೆ ಒರಗಿ ನಗುತ್ತ ನಿಂತಿದ್ದರು. ನೀದಿಯಾ ಅದನ್ನು ಬಿದ್ದೀತೆಂಬ ಭಯದಲ್ಲಿ ಎರಡೂ ಕೈಯಲ್ಲಿ ಹಿಡಿದು, ಎಲ್ಲಿ ಒತ್ತಬೇಕೆಂದು ತಿಳಿಯದೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಬೆಲ್ಕಿಸ್ ಕೈ ಎತ್ತಿದಳು. ನೀದಿಯಾ ಅವಳನ್ನು ಕಂಡಳು. ಕೈ ಬೀಸಲು ಕೈ ಖಾಲಿ ಇರಲಿಲ್ಲ. ಗದ್ದವನ್ನಷ್ಟೇ ಒಂದು ಸಲ ಮೇಲೆತ್ತಿ, ಮತ್ತೆ ಫೋನಿನ ಆ ಪುಟ್ಟ ಬೆಳಕಿನೊಳಕ್ಕೆ ಬಗ್ಗಿದಳು.