ಲೋರಿಂಗ್ ಮನೆಯಿಂದ ಬಾರದ ಉತ್ತರ

ವರ್ನಾ ಹುಡಾಕ್ ಸರ್ಕಾರದ ಆದಾಯ ಸಮೀಕ್ಷೆಗೆಂದು ಮನೆಮನೆ ಸುತ್ತಲು ಶುರುಮಾಡಿದಾಗ ಪೆನ್ಸಿಲ್ವೇನಿಯದ ಆ ಉಕ್ಕಿನ ಊರಿನ ಚಿಮಣಿಗಳು ಇನ್ನೂ ಹೊಗೆಯುಗುಳುತ್ತಿದ್ದವು. ದೇಶದಲ್ಲಿ ಉಳ್ಳವರಿಗೂ ಇಲ್ಲದವರಿಗೂ ಇರುವ ಅಂತರ ವರ್ಷ ವರ್ಷ ಹಿಗ್ಗಿತೋ ಕುಗ್ಗಿತೋ ಎಂದು ಅಳೆಯುವವರಿಗೆ ಅವಳಂಥವರು ತರುವ ಉತ್ತರಗಳೇ ಆಧಾರ. ಆಗ ಉಕ್ಕಿನ ಕಾರ್ಖಾನೆಯ ಮ್ಯಾನೇಜರ್ ಲೋರಿಂಗರ ಮನೆಗೂ ಕ್ರೇನ್ ಓಡಿಸುವ ಎಮಿಲ್ ಸಾಬೋಲನ ಮನೆಗೂ ನಡುವೆ ಒಂದು ಹೂಬೇಲಿ, ಅಷ್ಟೆ. ಲೋರಿಂಗರು ಬನಿಯನ್ನಿನಲ್ಲೇ ಬಾಗಿಲು ತೆರೆದು, "ಬಾರಮ್ಮ, ಬರ್ಕೋ. ಓವರ್‌ಟೈಮ್ ಸೇರಿಸಿದ್ರೆ ಸಂಬಳದಲ್ಲಿ ಎಮಿಲ್ ನನ್ನ ಹಿಂದೇನೇ ಇದಾನೆ" ಎಂದು ನಗುತ್ತಿದ್ದರು. ಶನಿವಾರ ಅವರಿಬ್ಬರೂ ವರ್ನಾಳ ಗಂಡನೂ ಒಂದೇ ತಂಡದಲ್ಲಿ, ಚೆಂಡು ಉರುಳಿಸಿ ಮರದ ಗೂಟ ಬೀಳಿಸುವ ಬೌಲಿಂಗ್ ಆಡುವರು. ಮೂವರಲ್ಲಿ ಕಡಿಮೆ ಅಂಕ ಪಡೆದವರು ಬಿಯರ್ ಕುಡಿಸಬೇಕು. ಹೆಚ್ಚಾಗಿ ಕುಡಿಸುತ್ತಿದ್ದವರು ಲೋರಿಂಗರೇ.

ಕಾರ್ಖಾನೆ ಮುಚ್ಚಿತು. ಎಮಿಲ್ ಅಂಗಡಿಯೊಂದರ ಕಾವಲಿಗೆ ಸೇರಿದ. ಲೋರಿಂಗರ ಮಗ ಕರ್ಟಿಸ್ ಕಂಪನಿಗಳನ್ನು ಕೊಂಡು ಮಾರಿ, ಹೊಳೆಯಾಚೆ ಗೇಟು ಹಾಕಿಸಿದ ಬಂಗಲೆ ಕಟ್ಟಿದ.

ವರ್ನಾ ನಿವೃತ್ತಳಾಗುವ ವರ್ಷ ಎಮಿಲನ ಮನೆಯೂ ಕರ್ಟಿಸನ ಬಂಗಲೆಯೂ ಸಮೀಕ್ಷೆಗೆ ಅವಳ ಪಾಲಿಗೇ ಬಂದವು. ಮುದುಕ ಎಮಿಲ್ ಎಲೆಕೋಸಿನ ಹಲುಷ್ಕಿ ಬಡಿಸುತ್ತಲೇ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಕರ್ಟಿಸನ ಕಾವಲುಗಾರ ಮಾತ್ರ ಹೋದಾಗಲೆಲ್ಲ ಅವಳನ್ನು ಗೇಟಿನಿಂದಲೇ ಕಳಿಸಿದ. ತಲೆ ಕೆಡಿಸಿಕೊಳ್ಳಬೇಡ, ಬಿಟ್ಟುಹೋದ ಉತ್ತರವನ್ನು ಅಂಥದೇ ಬೇರೆ ಮನೆಯ ಲೆಕ್ಕ ನೋಡಿ ಕಂಪ್ಯೂಟರ್ ತುಂಬಿಕೊಳ್ಳುತ್ತದೆ ಎಂದ ಮೇಲಧಿಕಾರಿ.

"ಅಂಥ ಮನೆಯವರು ಯಾರೂ ಬಾಗಿಲೇ ತೆಗೆದಿಲ್ವಲ್ಲ," ಎಂದಳು ವರ್ನಾ, "ಯಾವುದನ್ನ ನೋಡಿ ತುಂಬುತ್ತೆ?"

ಮತ್ತೆ ಹೋದಳು. ಈ ಸಲ ಹೊರಗೆ ಹೊರಟಿದ್ದ ಕಾರು ನಿಂತಿತು. ಕರ್ಟಿಸ್ ಇಳಿದು ಬಂದು ಅವಳ ಕೈ ಹಿಡಿದುಕೊಂಡ. ಬೌಲಿಂಗ್ ಮನೆಯ ನೆಲಕ್ಕೆ ಬಳಿದ ಮೇಣದ ವಾಸನೆ, ಪಾಳಿ ಮುಗಿದಾಗ ಕೂಗುತ್ತಿದ್ದ ಸೈರನ್ನು, ಎಮಿಲನ ಹೆಗಲೇರಿ ನೋಡಿದ ಮೆರವಣಿಗೆ, ಎಲ್ಲವನ್ನೂ ನೆನೆದ. ವರ್ನಾಳಿಗೂ ತೀರಿಕೊಂಡ ಗಂಡ ನೆನಪಾದ. ಕೊನೆಗೆ ಮೆಲ್ಲಗೆ ಆದಾಯದ ಪ್ರಶ್ನೆ ಕೇಳಿದಳು.

"ಅದೊಂದು ಕೇಳ್ಬೇಡಿ, ಮಿಸೆಸ್ ಹುಡಾಕ್."

"ನಿಮ್ಮಪ್ಪ ಹೇಳ್ತಿದ್ರು."

"ಅಪ್ಪನ ಸಂಬಳ ಊರಿಗೇ ಗೊತ್ತಿತ್ತು. ನಂದು ಗೊತ್ತಾದ್ರೆ ಎಮಿಲ್ ಮಾವನ ಎದುರು ನಾನು ಹೇಗೆ ನಿಲ್ಲಲಿ?"

ಅವನ ದನಿಯಲ್ಲಿ ಜಂಬವಿರಲಿಲ್ಲ. ಅವಳು ಒತ್ತಾಯಿಸಲಿಲ್ಲ. 'ಉತ್ತರಿಸಲು ಒಪ್ಪಲಿಲ್ಲ' ಎಂದು ಬರೆದುಕೊಂಡಳು. ಒಮ್ಮೆ ಎಮಿಲನನ್ನು ನೋಡಿ ಬಾ ಎಂದಷ್ಟೇ ಹೇಳಿದಳು, ಅವನು ಹೂಂಗುಟ್ಟಿದ.

ಮರುವರ್ಷ ವರದಿ ಬಂತು. ಉಳ್ಳವರಿಗೂ ಇಲ್ಲದವರಿಗೂ ಇರುವ ಅಂತರ ಹೆಚ್ಚೇನೂ ಬದಲಾಗಿಲ್ಲ ಎಂದಿತ್ತು. ವರ್ನಾ ಅದನ್ನು ಎಮಿಲನಿಗೆ ಓದಿ ಹೇಳಿದಳು. ಕರ್ಟಿಸ್ ಇನ್ನೂ ಬಂದಿಲ್ಲ ಎಂದ ಅವನು.