ತೀರ್ಥಮ್ಮನ ಚಟ್ನಿಪುಡಿಗೆ ತಕ್ಕ ಕವರು

ಚೌಳಹಿರಿಯೂರಿನ ತೀರ್ಥಮ್ಮನವರ ಕೊಬ್ಬರಿ ಚಟ್ನಿಪುಡಿಗೆ ಮನಸೋಲದ ನೆಂಟರಿಲ್ಲ. ಮನೆಗೆ ಬಂದವರು ಒಂದು ಪೊಟ್ಟಣ ಕಟ್ಟಿಸಿಕೊಳ್ಳದೆ ಹೊರಡುತ್ತಿರಲಿಲ್ಲ. ಸೊಸೆ ಬೃಂದಾ ಮಹಿಳಾ ಸಂಘ ಸೇರಿದ ಮೇಲೆ ಅದೇ ಪುಡಿಯನ್ನು ತೆಳು ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿ ಅಂಟಿಸಿ, ಅಜ್ಜಂಪುರದ ಕಾಂತರಾಜನ ಅಂಗಡಿಗೆ ಕೊಡತೊಡಗಿದಳು. ಅವನು ಎಲ್ಲರಿಗೂ ಕಾಣಲೆಂದು ಬಾಗಿಲ ಮುಂದೆ ಬಿಸಿಲಲ್ಲೇ ನೇತುಹಾಕಿದ್ದ.

ಒಂದು ಸಂಜೆ ಬೃಂದಾ ಪ್ಯಾಕೆಟ್ಟುಗಳನ್ನು ವಾಪಸ್ ಹೊತ್ತು ತಂದಳು.

"ಅತ್ತೆ, ಪುಡಿ ಕಮಟು ಅಂತಾರಂತೆ ಗಿರಾಕಿಗಳು. ಪಾಪ, ಕಾಂತರಾಜಣ್ಣ ಹೇಳೋಕೇ ಸಂಕೋಚಪಟ್ರು."

ತೀರ್ಥಮ್ಮ ಒಂದನ್ನು ಹರಿದು ಮೂಸಿದರು. ಹಳೆ ಎಣ್ಣೆಯ ವಾಸನೆ. ಅವರ ಮುಖ ಬಾಡಿತು.

"ಹುರಿಯೋವಾಗ ಎಲ್ಲೋ ತಪ್ಪಿದ್ದೀನಿ ಕಣೇ. ವಯಸ್ಸಾಯ್ತು, ಕೈ ಹದ ಹೋಯ್ತು. ಇನ್ನು ನಾನು ಮಾಡಲ್ಲ, ಬಿಡು."

ಆಮೇಲೆ ಅವರು ಸಾರಿಗೆ ಉಪ್ಪು ಹಾಕಲೂ ಹಿಂಜರಿಯತೊಡಗಿದರು. "ನೀನೇ ಒಂದ್ಸಲ ನೋಡಮ್ಮ" ಎಂದು ಸೌಟನ್ನು ಸೊಸೆಯ ಕೈಗೆ ಕೊಟ್ಟುಬಿಡುತ್ತಿದ್ದರು.

ಪಕ್ಕದ ಮನೆಯ ಭೂಮಿಕಾಗೆ ತರೀಕೆರೆಯ ತಿಂಡಿ ಪ್ಯಾಕಿಂಗ್ ಘಟಕದಲ್ಲಿ ಕೆಲಸ. ರಜೆಗೆ ಬಂದವಳಿಗೆ ಬೃಂದಾ ರೊಟ್ಟಿಯ ಜೊತೆ ಸ್ಟೀಲ್ ಡಬ್ಬಿಯಿಂದ ಚಟ್ನಿಪುಡಿ ಬಡಿಸಿದಳು.

"ಬ್ಯಾಡ ಕಣಮ್ಮ, ಕೆಟ್ಟೈತೆ" ಎಂದರು ತೀರ್ಥಮ್ಮ.

ಭೂಮಿಕಾ ಆಗಲೇ ಬಾಯಿಗಿಟ್ಟಿದ್ದಳು. "ಎಲ್ಲಿ ಕೆಟ್ಟೈತೆ ದೊಡ್ಡಮ್ಮ? ಘಮ್ ಅಂತೈತಲ್ಲ!"

"ಅಂಗಡಿಗೆ ಕೊಟ್ಟಿದ್ದೂ ಇದೇ. ಒಟ್ಟಿಗೇ ಕುಟ್ಟಿದ್ದು" ಎಂದಳು ಬೃಂದಾ, ತಾನೇ ಬೆರಗಾಗಿ.

ಭೂಮಿಕಾ ವಾಪಸ್ ಬಂದ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದಳು. "ಹಂಗಾದ್ರೆ ದೊಡ್ಡಮ್ಮನ ಕೈದೇನೂ ತಪ್ಪಿಲ್ಲ. ಕವರೇ ಸರಿಯಿಲ್ಲ. ಕೊಬ್ಬರೀಲಿ ಎಣ್ಣೆ ಜಾಸ್ತಿ. ಗಾಳಿ, ಬೆಳಕು, ಬಿಸಿಲು ತಾಗಿದ್ರೆ ಕಮಟಾಗ್ತದೆ."

"ನನ್ನ ಸಮಾಧಾನಕ್ಕೆ ಹೇಳ್ಬ್ಯಾಡ. ನೀರೇ ಹೋಗದ ಕವರೊಳಕ್ಕೆ ಗಾಳಿ ಹೆಂಗೇ ಹೋಗುತ್ತೆ?"

"ಬೃಂದಕ್ಕ, ಅಂಗಡಿಗೆ ಒಯ್ಯೋವಾಗ ಬ್ಯಾಗ್‌ನಿಂದ ವಾಸನೆ ಬರ್ತಿತ್ತಾ?"

"ಬ್ಯಾಗೇನು, ಬಸ್ಸೆಲ್ಲ ಘಮಘಮ ಅಂತಿತ್ತು!"

"ಘಮ ಹೊರಗೆ ಬಂದಂಗೇ ಗಾಳೀನೂ ಒಳಗೆ ಹೋಗ್ತದೆ ದೊಡ್ಡಮ್ಮ. ತೆಳು ಪಾಲಿಥಿನ್ ನೀರು ತಡೀತದೆ, ಗಾಳಿ ತಡಿಯಲ್ಲ."

ಮುಂದಿನ ಸಲ ಬರುವಾಗ ಭೂಮಿಕಾ ಬೆಳ್ಳಿ ಬಣ್ಣದ ಚೀಲಗಳನ್ನು ತಂದಳು. "ಇದ್ರಲ್ಲಿ ಮೂರು ಪದರ ಐತೆ. ಒಳಗಡೇದು ಫುಡ್ ಗ್ರೇಡ್, ಅಂದ್ರೆ ತಿನ್ನೋ ಪದಾರ್ಥಕ್ಕೆ ಅಂತ್ಲೇ ಮಾಡಿದ ಪಾಲಿಥಿನ್, ಬಿಸಿಗೆ ಭದ್ರವಾಗಿ ಅಂಟುತ್ತೆ. ನಡುವಿನ ಅಲ್ಯೂಮಿನಿಯಂ ಹಾಳೆ ಗಾಳಿ, ಬೆಳಕು ತಡಿಯುತ್ತೆ. ಮೇಲಿಂದು ಹರಿಯದಂಗೆ ಕಾಯುತ್ತೆ."

"ಹಂಗಾದ್ರೆ ಸಂಘದಲ್ಲಿ ಮಾಡೋ ಕೋಡುಬಳೆಗೂ ಇದೇ ಹಾಕೋಣ್ವಾ?" ಬೃಂದಾ ಕೇಳಿದಳು.

"ಬ್ಯಾಡಕ್ಕ. ವಾರದೊಳಗೆ ಖರ್ಚಾಗೋದಕ್ಕೆ ಫುಡ್ ಗ್ರೇಡ್ ಪಿಪಿ, ಅಂದ್ರೆ ಪಾಲಿಪ್ರೊಪಿಲೀನ್ ಕವರು ಸಾಕು. ಪದರ ಜಾಸ್ತಿ ಆದಂಗೆಲ್ಲ ಕಸಾನೂ ತೊಂದ್ರೆನೇ, ಮರುಬಳಕೆ ಕಷ್ಟ."

ತೀರ್ಥಮ್ಮನ ಅನುಮಾನ ಇನ್ನೂ ಹೋಗಿರಲಿಲ್ಲ. ಆದರೂ ಸೊಸೆಯ ಮಾತಿಗೆ ಮತ್ತೆ ಒಲೆಯ ಮುಂದೆ ಕುಳಿತರು. ಹುರಿದು, ಪೂರ್ತಿ ಆರಿಸಿ, ಕುಟ್ಟಿ, ಒಂದಷ್ಟನ್ನು ಹಳೆ ಕವರಿಗೆ, ಒಂದಷ್ಟನ್ನು ಹೊಸ ಚೀಲಕ್ಕೆ ತುಂಬಿಸಿದರು. ಎರಡನ್ನೂ ತಾವೇ ಬಿಸಿಲು ಬೀಳುವ ಕಿಟಕಿಗೆ ಕಟ್ಟಿದರು.

ಬೇಸಿಗೆ ಕಳೆದ ಮೇಲೆ ಬಿಚ್ಚಿದರು. ಹಳೆ ಕವರಿನಲ್ಲಿ ಅದೇ ಕಮಟು. ಹೊಸ ಚೀಲ ಕತ್ತರಿಸುತ್ತಲೇ ಅಡುಗೆಮನೆಯೆಲ್ಲ ಬೆಳ್ಳುಳ್ಳಿ, ಕರಿಬೇವು, ಹುರಿದ ಕೊಬ್ಬರಿಯ ಘಮ. ತೀರ್ಥಮ್ಮ ಕಣ್ಣುಮುಚ್ಚಿ ಮೂಸುತ್ತಲೇ ಇದ್ದರು. ಕಣ್ಣು ತೆರೆದಾಗ ರೆಪ್ಪೆ ಒದ್ದೆಯಾಗಿತ್ತು.

"ನನ್ನ ಕೈ ಕೆಟ್ಟಿಲ್ಲ ಕಣೇ ಬೃಂದಾ."

"ನಾನ್ಯಾವಾಗ ಕೆಟ್ಟೈತೆ ಅಂದೆ ಅತ್ತೆ?" ಎನ್ನುತ್ತಾ ಬೃಂದಾ ಆ ಒರಟು ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಮಾಡಿದ್ದನ್ನು ನೀವೂ ಮಾರುತ್ತಿದ್ದೀರಾ? ಕವರು ಕೊಳ್ಳುವಾಗ ಫುಡ್ ಗ್ರೇಡ್ ಹೌದೇ ಎಂದು ಕೇಳಿ. ತಿಂಡಿಯಲ್ಲಿ ಎಣ್ಣೆ ಎಷ್ಟಿದೆ, ಎಷ್ಟು ದಿನ ಉಳಿಯಬೇಕು, ಎಲ್ಲಿ ಇಡುತ್ತಾರೆ ಎಂಬುದನ್ನು ನೋಡಿ ಆರಿಸಿ. ಬಿಸಿ ಇರುವಾಗ ತುಂಬಬೇಡಿ, ಬಿಸಿಲಲ್ಲಿ ನೇತುಹಾಕಬೇಡಿ. ಮಾಡಿದ್ದು ಕೆಟ್ಟಿತೆಂದು ಅಡುಗೆ ಮಾಡಿದವರನ್ನು ನೋಯಿಸುವ ಮೊದಲು ಕವರನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ.